ಸುಳಿ ಬಿದ್ದ ಆಕಾಶ

ಬಳ್ಳಾರಿಯ ಗಾಂಧಿನಗರದಿಂದ ಹೊಸಪೇಟೆ ರಸ್ತೆ ಹಿಡಿದು 30 ಕಿಲೋಮೀಟರಿನಷ್ಟು ಹೋದರೆ ತೋರಣಗಲ್ಲು ಸಿಗುತ್ತದೆ. ಸಂಡೂರಿನ ಗುಡ್ಡಗಳಿಂದ ಇಳಿದು ಬಂದ ಕೆಂಪು ಅದಿರು ಅಲ್ಲಿ ಉಕ್ಕಾಗುತ್ತದೆ. ಆಗಷ್ಟೇ ಹೊರಬಂದು ಕೆಂಪಗೆ ಹೊಳೆಯುತ್ತಿರುವ ಉಕ್ಕಿನ ಹಲಗೆಯನ್ನು ಅಯಸ್ಕಾಂತದ ಕ್ರೇನು ಎತ್ತಲಾರದು. ಕ್ರೇನಿಗೆ ತ್ರಾಣ ಸಾಲದೆಂದೇನಲ್ಲ. ಅಷ್ಟು ಕಾದ ಕಬ್ಬಿಣ ಅಯಸ್ಕಾಂತಕ್ಕೆ ಓಗೊಡುವುದೇ ಇಲ್ಲ. ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಬೇಕು, ಆಮೇಲಷ್ಟೇ ಕಚ್ಚಿಕೊಳ್ಳುತ್ತದೆ.

ಇದನ್ನು ನೋಡಲು ತೋರಣಗಲ್ಲಿಗೇ ಹೋಗಬೇಕಿಲ್ಲ. ಜೀನ್ಸ್ ಹೊಲಿಯುವ ಮನೆಗಳಿಗೆ ಬಳ್ಳಾರಿಯಲ್ಲಿ ಬರವಿಲ್ಲ. ಮುರಿದ ಮಿಷನ್ ಸೂಜಿಗೂ ಬರವಿಲ್ಲ. ಅಂಥದ್ದೊಂದು ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಚೆನ್ನಾಗಿ ಕೆಂಪಗೆ ಕಾಯಿಸಿ. ಕೆಂಪಿರುವಾಗಲೇ ಅಯಸ್ಕಾಂತದ ಹತ್ತಿರ ತನ್ನಿ, ಆದರೆ ತಾಗಿಸಬೇಡಿ; ಬಿಸಿ ತಾಗಿದರೆ ಅಯಸ್ಕಾಂತವೇ ಕೆಡುತ್ತದೆ. ಸೂಜಿ ಮಿಸುಕುವುದಿಲ್ಲ. ಕೆಂಪು ಮಾಸಿ ಕಪ್ಪಾಗುವ ಹೊತ್ತಿಗೆ ಇಕ್ಕಳ ನಿಮ್ಮ ಕೈಯಲ್ಲಿ ಸಣ್ಣಗೆ ಜಗ್ಗಿದಂತಾಗುತ್ತದೆ. ಕಬ್ಬಿಣದೊಳಗೆ ಆ ಕ್ಷಣದಲ್ಲಿ ಒಂದು ತೀರ್ಮಾನ ಆಗಿಹೋಯಿತು ಎಂದು ತಿಳಿಯಿರಿ.

ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಕಾದಾಗ ಅವು ಕಂಡ ಕಂಡ ದಿಕ್ಕಿಗೆ ತಿರುಗುತ್ತಿರುತ್ತವೆ. ಆಗ ಕಬ್ಬಿಣಕ್ಕೆ ಎಲ್ಲ ದಿಕ್ಕೂ ಒಂದೇ. ತಣಿದಾಗ ಯಾವುದಾದರೂ ಒಂದು ದಿಕ್ಕನ್ನು ಆರಿಸಿಕೊಳ್ಳಲೇಬೇಕು. ಆದರೆ ಯಾವುದನ್ನು? ತಣಿಯುವ ಅವಸರದಲ್ಲಿ ಹಲಗೆಯ ಈ ತುದಿಗೆ ಆ ತುದಿಯ ಸುದ್ದಿ ಮುಟ್ಟುವುದಿಲ್ಲ. ಒಂದು ಕಡೆಯ ಪರಮಾಣುಗಳು ಮೇಲೆ ನೋಡುತ್ತವೆ, ಇನ್ನೊಂದು ಕಡೆಯವು ಕೆಳಗೆ. ಹೀಗೆ ಹುಟ್ಟಿಕೊಂಡ ಎರಡು ವಲಯಗಳು ಸಂಧಿಸುವಲ್ಲಿ ದಿಕ್ಕು ಮೆಲ್ಲಗೆ ಹೊರಳಬೇಕಾಗುತ್ತದೆ. ಕೆಲವು ನೂರು ಪರಮಾಣುಗಳಷ್ಟೇ ದಪ್ಪದ ಆ ಹೊರಳು ಜಾಗಕ್ಕೆ ಭೌತವಿಜ್ಞಾನಿಗಳು ವಲಯಗೋಡೆ ಎನ್ನುತ್ತಾರೆ. ಗೋಡೆಯೊಳಗಿನ ಪರಮಾಣುಗಳು ಇತ್ತಲೂ ಅಲ್ಲ, ಅತ್ತಲೂ ಅಲ್ಲ. ಅವುಗಳ ಈ ಇಕ್ಕಟ್ಟಿನಲ್ಲಿ ಶಕ್ತಿ ಅಡಗಿರುತ್ತದೆ. ನಿಮ್ಮ ಮನೆಯ ಕಬ್ಬಿಣದ ಗೇಟಿನಲ್ಲಿ ಇಂಥ ಗೋಡೆಗಳು ಲೆಕ್ಕವಿಲ್ಲದಷ್ಟಿವೆ.

ಬಲ್ಲವರು ಇಲ್ಲೊಂದು ತಕರಾರು ತೆಗೆಯುತ್ತಾರೆ. ಉಕ್ಕಿನಲ್ಲಿ ವಲಯಗಳು ಏಳಲು ಅವಸರವೊಂದೇ ಕಾರಣವಲ್ಲ, ಹಾಗೆ ಹಂಚಿಹೋಗುವುದರಿಂದ ಒಟ್ಟು ಶಕ್ತಿಯೂ ಉಳಿತಾಯವಾಗುತ್ತದೆ ಎಂದು. ಮಾತು ನಿಜ. ವಿಶ್ವಕ್ಕೆ ಆ ಉಳಿತಾಯದ ನೆಪ ಇರಲಿಲ್ಲ. ಅಲ್ಲಿ ಕಾರಣ ಅವಸರ ಒಂದೇ.

ಈ ಅವಸರದ ಲೆಕ್ಕವನ್ನು ಇಡೀ ವಿಶ್ವಕ್ಕೆ ಹಚ್ಚಿ ನೋಡಿದವರು ಟಾಮ್ ಕಿಬ್ಬಲ್. ಅವರು ಹುಟ್ಟಿದ್ದು 1932ರಲ್ಲಿ, ಮದ್ರಾಸಿನಲ್ಲಿ. ತಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಆಗ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವ ತನಕ. ಹಾಗಾಗಿ ಕಿಬ್ಬಲ್ ನಮ್ಮದೇ ಪ್ರಾಂತ್ಯದವರು ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಹಿಗ್ಸ್ ಕಣದ ಸಿದ್ಧಾಂತವನ್ನು 1964ರಲ್ಲಿ ಕಟ್ಟಿದವರಲ್ಲಿ ಅವರೂ ಒಬ್ಬರು. 2013ರ ನೊಬೆಲ್ ಮಾತ್ರ ಬೇರಿಬ್ಬರ ಪಾಲಾಯಿತು. 1976ರಲ್ಲಿ ಅವರು ಬರೆದ ಪ್ರಬಂಧವೊಂದರ ವಾದ ಸರಳ. ಹುಟ್ಟಿದಾಗ ವಿಶ್ವ ಊಹೆಗೆ ನಿಲುಕದಷ್ಟು ಬಿಸಿಯಿತ್ತು, ಆಮೇಲೆ ಸರಸರನೆ ತಣಿಯಿತು. ತಣಿಯುವ ದಾರಿಯಲ್ಲಿ ಕಬ್ಬಿಣಕ್ಕೆ ಬಂದಂಥ ತೀರ್ಮಾನದ ಗಳಿಗೆಗಳು ವಿಶ್ವಕ್ಕೂ ಬಂದವು. ಸುದ್ದಿ ಬೆಳಕಿಗಿಂತ ಬೇಗ ಓಡಲಾರದು. ಸೆಕೆಂಡಿನ ಲಕ್ಷದ ಒಂದು ಭಾಗ ಕಳೆಯುವಾಗ ವಿಶ್ವದ ಉಷ್ಣತೆ ಲಕ್ಷ ಕೋಟಿ ಡಿಗ್ರಿಗಳ ಆಸುಪಾಸಿನಲ್ಲಿತ್ತು. ಅಷ್ಟು ಹೊತ್ತಿಗೆ ಬೆಳಕು ಮುಟ್ಟಿದ್ದ ದೂರ ಹೆಚ್ಚೆಂದರೆ ಬಳ್ಳಾರಿ ನಗರದ ಅಗಲ. ಅದಕ್ಕಿಂತ ದೂರದ ಜಾಗಗಳು ಒಂದನ್ನೊಂದು ಕೇಳಿ ದಿಕ್ಕು ಆರಿಸಿಕೊಂಡಿರಲು ಸಾಧ್ಯವೇ ಇಲ್ಲ. ಆದ್ದರಿಂದ ಹೊಂದಾಣಿಕೆಯಾಗದ ಜಾಗಗಳು ಎಲ್ಲೋ ಉಳಿದಿರಲೇಬೇಕು. ಅವೇ ವಿಶ್ವದ ದೋಷಗಳು.

ದೋಷವೆಂದರೆ ಗೋಡೆ ಮಾತ್ರವಲ್ಲ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸಿದ ಮೇಲೆ ಸುಳಿ ನೋಡುತ್ತಾನೆ. ಸುಳಿಯ ಶಕುನವನ್ನು ಅವನಿಗೇ ಬಿಡೋಣ, ಅದರ ಜ್ಯಾಮಿತಿಯನ್ನು ನಾವು ತೆಗೆದುಕೊಳ್ಳೋಣ. ಸುಳಿಯ ಸುತ್ತ ಬೆರಳು ಒಂದು ಸುತ್ತು ಹಾಕಿದರೆ ಕೂದಲಿನ ದಿಕ್ಕೂ ಪೂರ್ತಿ ಒಂದು ಸುತ್ತು ತಿರುಗುತ್ತದೆ. ನಟ್ಟನಡುವಿನ ಚುಕ್ಕೆಯಲ್ಲಿ ಕೂದಲಿಗೆ ಯಾವ ದಿಕ್ಕೂ ಇಲ್ಲ. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಸುಳಿ ಅತ್ತಿತ್ತ ಸರಿದೀತೇ ಹೊರತು ಅಳಿಯದು. ಅದು ಹೋಗಬೇಕೆಂದರೆ ಎದುರು ಬಗೆಯ ಇನ್ನೊಂದು ಸುಳಿ ಬಂದು ಸೇರಬೇಕು. ಚರ್ಮದ ಮೇಲೆ ಸುಳಿ ಒಂದು ಚುಕ್ಕೆ. ಉದ್ದ, ಅಗಲ, ಎತ್ತರ ಮೂರೂ ಇರುವ ಆಕಾಶದಲ್ಲಿ ಅದೇ ಸುಳಿ ಒಂದು ಎಳೆಯಾಗುತ್ತದೆ. ವಿಶ್ವತಂತು ಎಂದು ಕರೆಯುವ ಈ ಎಳೆಗೆ ನಡುವೆ ತುದಿ ಇರುವಂತಿಲ್ಲ. ಒಂದೋ ಅದು ಕಾಣುವ ವಿಶ್ವದ ಆಚೆಗೂ ಚಾಚಿಕೊಂಡಿರಬೇಕು, ಇಲ್ಲವೇ ಉಂಗುರದಂತೆ ತನ್ನಲ್ಲೇ ಮುಚ್ಚಿಕೊಂಡಿರಬೇಕು. ಎಳೆಯೊಳಗೆ ಸಿಕ್ಕಿಬಿದ್ದಿರುವುದು ಹಳೆಯ ಬಿಸಿ ವಿಶ್ವದ ಒಂದು ತುಣುಕು, ಇನ್ನೂ ಯಾವ ದಿಕ್ಕನ್ನೂ ಆರಿಸಿಕೊಳ್ಳದ್ದು.

ಇಂಥ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ನಿಮ್ಮ ಕ್ಯಾಲ್ಕುಲೇಟರಿನ ಪರದೆಯಲ್ಲಿರುವ ದ್ರವಸ್ಫಟಿಕದಲ್ಲಿ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಒರಗಿ ನಿಲ್ಲುತ್ತವೆ. ಅದನ್ನು ಕಾಯಿಸಿ ತಣಿಸಿದರೆ ಮೈತುಂಬ ಕಪ್ಪು ಎಳೆಗಳು ಮೂಡಿ, ಒಂದನ್ನೊಂದು ಕತ್ತರಿಸಿ, ಕುಗ್ಗಿ ಮಾಯವಾಗುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಕಟ್ಟಿದ ಪ್ರಯೋಗಾಲಯ ಈ ವಿದ್ಯೆಯಲ್ಲಿ ಜಗತ್ತಿನಲ್ಲೇ ಹೆಸರು ಮಾಡಿತ್ತು. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು 1977ರಲ್ಲಿ ತೋರಿಸಿದ್ದು ಅಲ್ಲಿಯೇ. ದ್ರವಸ್ಫಟಿಕದ ದೋಷಗಳ ಬಗ್ಗೆ ಚಂದ್ರಶೇಖರ್ ಮತ್ತು ಜಿ. ಎಸ್. ರಂಗನಾಥ್ 1986ರಲ್ಲಿ ಬರೆದ ದೀರ್ಘ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಮಗುಚುತ್ತಾರೆ. ಅವರು ಆಕಾಶದ ಕಡೆ ನೋಡುತ್ತಿರಲಿಲ್ಲ. 1990ರ ದಶಕದಲ್ಲಿ ಬೇರೆ ಕಡೆಯವರು ದ್ರವಸ್ಫಟಿಕವನ್ನು ತಣಿಸಿ ಎಳೆಗಳನ್ನು ಎಣಿಸಿದರು. 1994ರ ಅಂಥ ಒಂದು ಪ್ರಯೋಗದಲ್ಲಿ ಮುಂದೆ ಭುವನೇಶ್ವರದಲ್ಲಿ ನೆಲೆಸಿದ ಅಜಿತ್ ಶ್ರೀವಾಸ್ತವ ಇದ್ದರು. ಎಣಿಕೆ ಕಿಬ್ಬಲ್ ಹೇಳಿದ್ದಕ್ಕೆ ಹೊಂದಿತು. ಅಂದರೆ ವಾದದಲ್ಲಿ ಹುಳುಕಿಲ್ಲ. ಉಳಿದ ಪ್ರಶ್ನೆ ವಿಶ್ವದಲ್ಲಿ ಅಂಥ ತೀರ್ಮಾನದ ಗಳಿಗೆ ನಿಜಕ್ಕೂ ಬಂದಿತ್ತೇ ಎಂಬುದು.

ಈ ಪ್ರಶ್ನೆ ಹಗುರವಾದದ್ದಲ್ಲ. ನಮಗೆ ಖಚಿತವಾಗಿ ಗೊತ್ತಿರುವ ಭೌತವಿಜ್ಞಾನದಲ್ಲಿ, ಹಿಗ್ಸ್ ಕಣದ ಕಥೆಯೂ ಸೇರಿದಂತೆ, ಬಾಳಿಕೆ ಬರುವ ದೋಷಗಳು ಹುಟ್ಟುವುದಿಲ್ಲ. ಅವು ಬೇಕೆಂದರೆ ಇನ್ನೂ ಕಂಡಿರದ ಹೊಸ ಸಮಮಿತಿಯೊಂದನ್ನು, ಅಂದರೆ ಕಾದ ಕಬ್ಬಿಣಕ್ಕೆ ಎಲ್ಲ ದಿಕ್ಕೂ ಒಂದೇ ಆಗಿದ್ದು ತಣಿದಾಗ ಮುರಿದಂಥದ್ದನ್ನು, ಒಪ್ಪಬೇಕು. ದೋಷಗಳ ಬಗ್ಗೆ ಬರುವ ರೋಚಕ ಸುದ್ದಿಗಳನ್ನು ಓದುವಾಗ ಈ ಮಾತು ನೆನಪಿರಲಿ.

ಇನ್ನು ಮೂರನೆಯ ಬಗೆ. ಗೋಡೆಯೂ ಅಲ್ಲದ, ಎಳೆಯೂ ಅಲ್ಲದ ಬರಿಯ ಬಿಂದು. ಅದೇ ಏಕಧ್ರುವ, ಉತ್ತರವಷ್ಟೇ ಇರುವ ಅಥವಾ ದಕ್ಷಿಣವಷ್ಟೇ ಇರುವ ಅಯಸ್ಕಾಂತ. ನಿಸರ್ಗದ ಮೂರು ಬಲಗಳನ್ನು ಒಂದುಗೂಡಿಸುವ ಸಿದ್ಧಾಂತಗಳಲ್ಲಿ ಏಕಧ್ರುವ ಹುಟ್ಟಲೇಬೇಕೆಂದು 1974ರಲ್ಲಿ ಟ್ ಹೂಫ್ಟ್ ಮತ್ತು ಪೊಲ್ಯಾಕೊವ್ ತೋರಿಸಿದರು. ಒಂದೊಂದರ ತೂಕ ಸುಮಾರು ನೂರು ಕೋಟಿ ಕೋಟಿ ಪ್ರೋಟಾನುಗಳಷ್ಟು. ಲೆಕ್ಕ ಹಾಕಿದರೆ ಅವು ವಿಶ್ವದ ತುಂಬ ಕಿಕ್ಕಿರಿದು, ಅವುಗಳ ಭಾರಕ್ಕೆ ವಿಶ್ವ ಯಾವಾಗಲೋ ಕುಸಿದಿರಬೇಕಿತ್ತು. ಅಲನ್ ಗೂತ್ ಎಂಬ ಯುವಕ ಈ ತಲೆನೋವಿಗೆ ಮದ್ದು ಹುಡುಕುತ್ತಲೇ 1979ರ ಕೊನೆಯಲ್ಲಿ ವಿಶ್ವದ ದಿಢೀರ್ ಹಿಗ್ಗುವಿಕೆಯ ಸಿದ್ಧಾಂತಕ್ಕೆ ಬಂದದ್ದು. ವಿಶ್ವ ಒಮ್ಮೆಲೇ ಹಿಗ್ಗಿದರೆ ಏಕಧ್ರುವಗಳು ಎಲ್ಲೋ ದೂರ ದೂರ ಚದುರಿಹೋಗುತ್ತವೆ. 1982ರ ಫೆಬ್ರುವರಿ 14ರಂದು ಸ್ಟ್ಯಾನ್‌ಫರ್ಡಿನಲ್ಲಿ ಬ್ಲಾಸ್ ಕ್ಯಾಬ್ರೇರಾ ಅವರ ಅತಿವಾಹಕ ಸುರುಳಿಯಲ್ಲಿ ಏಕಧ್ರುವ ಹಾದುಹೋದಾಗ ವಿದ್ಯುತ್ಪ್ರವಾಹದಲ್ಲಿ ಆಗಬೇಕಾದಂಥದ್ದೇ ಜಿಗಿತ ದಾಖಲಾಯಿತು. ಅದು ಒಂದೇ ಒಂದು ಸಲ. ಮತ್ತೆ ಎಂದೂ ಮರುಕಳಿಸಲಿಲ್ಲ.

ಆ ಹೊತ್ತಿಗೆ ಕರ್ನಾಟಕದ ನೆಲದಡಿಯಲ್ಲಿ ಕಬ್ಬಿಣದ ದೊಡ್ಡ ಗೂಡೊಂದು ಕಾದು ಕೂತಿತ್ತು. ಕೋಲಾರದ ಚಿನ್ನದ ಗಣಿ ಮತ್ತು ವಿಶ್ವಕಿರಣಗಳ ನಂಟು ಶುರುವಾದದ್ದು 1950ರ ದಶಕದಲ್ಲಿ. ನಂಜನಗೂಡಿನ ಕಡೆಯ ಬಿ. ವಿ. ಶ್ರೀಕಂಠನ್ ಹೋಮಿ ಭಾಭಾ ಅವರ ಸೂಚನೆಯಂತೆ ಉಪಕರಣ ಹೊತ್ತು ಗಣಿಗೆ ಇಳಿದಿದ್ದರು. ಆಳಕ್ಕೆ ಹೋದಷ್ಟೂ ಮೇಲಿನ ಬಂಡೆ ಗದ್ದಲವನ್ನು ತಡೆಯುತ್ತದೆ. ಸುಮಾರು 2,300 ಮೀಟರ್ ಆಳದಲ್ಲಿ ಆಕಾಶದಿಂದ ಬರುವ ಕಣಗಳ ಮಳೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಸಿಕ್ಕಿದ್ದು ಇಲ್ಲಿ. ದಕ್ಷಿಣ ಆಫ್ರಿಕದ ಗಣಿಯಲ್ಲೂ ಅದೇ ಹೊತ್ತಿಗೆ ಸಿಕ್ಕಿತು. 1980ರ ಕೊನೆಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು ಸೇರಿ ಇಷ್ಟೇ ಆಳದಲ್ಲಿ 140 ಟನ್ ತೂಕದ ಶೋಧಕವನ್ನು ಚಾಲೂ ಮಾಡಿದರು. ಕಬ್ಬಿಣದ ಚೌಕ ಕೊಳವೆಗಳು, ನಡುನಡುವೆ ಕಬ್ಬಿಣದ ತಟ್ಟೆ, ಒಂದರ ಮೇಲೊಂದು 34 ಪದರ. ಅಷ್ಟೊಂದು ಕಬ್ಬಿಣದಲ್ಲಿ ಎಲ್ಲಾದರೂ ಒಂದು ಪ್ರೋಟಾನ್ ಸತ್ತೀತೇ ಎಂದು ನೋಡುವುದು ಮುಖ್ಯ ಕೆಲಸ.

ಆದರೆ ಅದೇ ಗೂಡು ಏಕಧ್ರುವಕ್ಕೂ ಬಲೆಯಾಗಬಲ್ಲದು. ಅಷ್ಟು ಭಾರದ ಏಕಧ್ರುವಕ್ಕೆ ಎರಡು ಕಿಲೋಮೀಟರ್ ಬಂಡೆ ಲೆಕ್ಕಕ್ಕಿಲ್ಲ. ಬೆಳಕಿನ ಸಾವಿರದ ಒಂದು ಪಾಲಿನಷ್ಟು ವೇಗದಲ್ಲಿ ಸಾವಕಾಶವಾಗಿ ಎಲ್ಲ ಪದರಗಳನ್ನೂ ದಾಟಿ ಹೋಗುತ್ತದೆ. ಬೇರೆ ಕಣಗಳು ಹಾಗೆ ನಿಧಾನವಾಗಿ ಅಷ್ಟು ಆಳಕ್ಕೆ ಬರಲಾರವು. ಏಕಧ್ರುವ ತನ್ನ ದಾರಿಯಲ್ಲಿ ಸಿಕ್ಕ ಪ್ರೋಟಾನುಗಳನ್ನು ಸಾಲಾಗಿ ಸಾಯಿಸುತ್ತ ಹೋಗಬಹುದು ಎಂದು ರುಬಾಕೊವ್ ಮತ್ತು ಕ್ಯಾಲನ್ 1980ರ ದಶಕದ ಆರಂಭದಲ್ಲಿ ತೋರಿಸಿದ್ದರು. ಒಂದು ಸಾವಿಗೆ ಕಾದವರಿಗೆ ಸಾವಿನ ಸರಪಳಿಯೇ ಸಿಗಬಹುದಿತ್ತು. ಸಿಗಲಿಲ್ಲ. ಏಕಧ್ರುವಗಳ ಹರಿವು ಇಷ್ಟಕ್ಕಿಂತ ಹೆಚ್ಚಿರಲಾರದು ಎಂಬ ಮಿತಿಯನ್ನು ಕೋಲಾರದ ತಂಡ 1984ರಲ್ಲಿ ಪ್ರಕಟಿಸಿತು. ಮುಂದೆ ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಮ್ಯಾಕ್ರೊ ಎಂಬ ಭಾರಿ ಶೋಧಕ ಆ ಮಿತಿಯನ್ನು ಇನ್ನೂ ಕೆಳಗಿಳಿಸಿತು. ಪ್ರೋಟಾನ್ ಸಾವಿನಂತೆ ಕಂಡ ಕೆಲವು ಗುರುತುಗಳು ಕೋಲಾರದಲ್ಲಿ ಸಿಕ್ಕಿದ್ದೂ ಉಂಟು; ಅಮೆರಿಕ, ಜಪಾನಿನ ಇನ್ನೂ ದೊಡ್ಡ ಶೋಧಕಗಳು ಅವನ್ನು ಎತ್ತಿಹಿಡಿಯಲಿಲ್ಲ. ವಿಜ್ಞಾನದ ಪತ್ರಿಕಾ ವರದಿಗಳಲ್ಲಿ ಇಂಥ ‘ಸಿಗಲಿಲ್ಲ’ಗಳಿಗೆ ಜಾಗ ಕಡಿಮೆ. ನನ್ನ ಕೇಳಿದರೆ, ವಿಶ್ವದ ಮೊದಲ ಕ್ಷಣದ ಬಗ್ಗೆ ಕರ್ನಾಟಕದ ನೆಲ ಕೊಟ್ಟ ಗಟ್ಟಿ ಸಾಕ್ಷ್ಯಗಳಲ್ಲಿ ಇದೂ ಒಂದು.

ಬಿಂದು ಹೋಯಿತು. ಎಳೆ ಮತ್ತು ಗೋಡೆ ಉಳಿದವು. ಕಪ್ಪುಕುಳಿ, ಕಪ್ಪು ದ್ರವ್ಯಗಳ ಮಾತು ಬರುವುದು ಇಲ್ಲಿ.

ವಿಶ್ವತಂತು ಪ್ರೋಟಾನಿಗಿಂತ ಎಷ್ಟೋ ಪಾಲು ಸಪೂರ, ಆದರೆ ಭಾರ ಕೇಳಬೇಡಿ. ಇಂದಿನ ಅಳತೆಗಳು ಬಿಟ್ಟುಕೊಡುವ ಅತಿ ಭಾರದ ತಂತುವನ್ನೇ ತೆಗೆದುಕೊಂಡರೆ ಅದರ ಒಂದು ಮೀಟರು ತುಂಡಿನ ತೂಕ 100 ಲಕ್ಷ ಕೋಟಿ ಟನ್ ದಾಟುತ್ತದೆ. ಇಡೀ ಜಗತ್ತಿನ ಉಕ್ಕಿನ ಕಾರ್ಖಾನೆಗಳು ವರ್ಷಕ್ಕೆ ಸುಮಾರು 190 ಕೋಟಿ ಟನ್ನಿನಂತೆ 50,000 ವರ್ಷ ದುಡಿದರೂ ಅಷ್ಟು ಉಕ್ಕು ಆಗದು. ತಂತುಗಳು ಬೆಳಕಿನ ಹತ್ತಿರ ಹತ್ತಿರದ ವೇಗದಲ್ಲಿ ಬಳುಕುತ್ತ, ಒಂದಕ್ಕೊಂದು ತಾಗಿ ತುಂಡಾಗಿ, ಉಂಗುರಗಳನ್ನು ಉದುರಿಸುತ್ತವೆ. ಉಂಗುರ ಕುಗ್ಗುತ್ತ ಹೋಗಿ ತನ್ನ ಗುರುತ್ವದೊಳಗೆ ತಾನೇ ಮುಳುಗಿದರೆ ಅದೊಂದು ಕಪ್ಪುಕುಳಿ. ನಕ್ಷತ್ರ ಸಾಯುವ ತನಕ ಕಾಯಬೇಕಿಲ್ಲ. ನಕ್ಷತ್ರಗಳು ಹುಟ್ಟುವುದಕ್ಕೂ ಮುಂಚೆಯೇ ಆಗಿಬಿಡುತ್ತದೆ. ಸ್ಟೀಫನ್ ಹಾಕಿಂಗ್ 1989ರಲ್ಲಿ ಈ ದಾರಿಯನ್ನು ಲೆಕ್ಕ ಹಾಕಿದ್ದರು.

ಲೆಕ್ಕ ಚೆಂದ, ನಡೆಯುವುದು ಕಷ್ಟ. ಮೇಲೆ ಹೇಳಿದ ತಂತುವಿನ ಉಂಗುರದ ತ್ರಿಜ್ಯ 1 ಕಿಲೋಮೀಟರ್ ಎಂದುಕೊಳ್ಳಿ. ಅದು ಕಪ್ಪುಕುಳಿಯಾಗಲು ಸುಮಾರು 1 ಮೈಕ್ರಾನ್ ತ್ರಿಜ್ಯದೊಳಗೆ ಕುಗ್ಗಬೇಕು. ತಲೆಗೂದಲಿನ ದಪ್ಪವೇ ಅದರ ಹತ್ತಾರು ಪಟ್ಟು. ಹಾಗೆ ಕುಗ್ಗಬೇಕೆಂದರೆ ಉಂಗುರ ಹುಟ್ಟುವಾಗಲೇ ದೋಷವಿಲ್ಲದ ದುಂಡಗಿರಬೇಕು. ಒಂದಿಷ್ಟು ಸೊಟ್ಟಗಿದ್ದರೂ ಎದುರು ಬದಿಗಳು ಒಂದನ್ನೊಂದು ತಪ್ಪಿಸಿಕೊಂಡು ಹೋಗುತ್ತವೆ, ಉಂಗುರ ಅಲುಗಾಡುತ್ತ ತನ್ನ ಶಕ್ತಿಯನ್ನು ಗುರುತ್ವ ಅಲೆಗಳಾಗಿ ಚೆಲ್ಲಿ ಸವೆದುಹೋಗುತ್ತದೆ. ಹರಿದು ಬಿದ್ದ ಎಳೆಯ ತುಂಡು ತಾನಾಗಿ ಅಷ್ಟು ದುಂಡಗೆ ಬೀಳುವುದು ಅಪರೂಪದಲ್ಲಿ ಅಪರೂಪ.

ಗೋಡೆಗಳ ಪಾಡು ಬೇರೆ. ಚೆಂಡಿನಂತೆ ಮುಚ್ಚಿಕೊಂಡ ಗೋಡೆಯ ತೂಕ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಚೆಂಡು ದೊಡ್ಡದಾದಷ್ಟೂ ಕಪ್ಪುಕುಳಿಯಾಗಲು ಅದು ಕುಗ್ಗಬೇಕಾದ ಪ್ರಮಾಣ ಕಡಿಮೆ. ಕಪ್ಪುಕುಳಿ ಬೇಕೆನ್ನುವವರಿಗೆ ಗೋಡೆಯೇ ಒಳ್ಳೆಯ ದಾರಿ. ಆದರೆ ಗೋಡೆಗಳಿಗೆ ಒಂದು ಕೆಟ್ಟ ಚಾಳಿಯಿದೆ, ಉಳಿದುಬಿಡುವುದು. ಉಳಿದ ಗೋಡೆಗಳು ಮಿಕ್ಕೆಲ್ಲ ದ್ರವ್ಯವನ್ನೂ ಮೀರಿಸಿ ವಿಶ್ವವನ್ನು ಕೆಡಿಸುತ್ತವೆಂದು ಝೆಲ್ಡೊವಿಚ್ ಮತ್ತು ಸಂಗಡಿಗರು 1974ರಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಗೋಡೆಗಳು ಹುಟ್ಟಿದ್ದರೆ ಬೇಗನೆ ಕುಸಿದಿರಲೇಬೇಕು.

ಕುಸಿದದ್ದರಿಂದ ಕಪ್ಪುಕುಳಿಗಳು ಆಗಿವೆ ಎಂದೇ ಇಟ್ಟುಕೊಳ್ಳೋಣ. ನಕ್ಷತ್ರಗಳು, ಅನಿಲ, ನಾವು ಎಲ್ಲ ಸೇರಿದ ಮಾಮೂಲು ದ್ರವ್ಯದ ಐದು ಪಟ್ಟಿಗಿಂತ ಹೆಚ್ಚಿರುವ, ಕಣ್ಣಿಗೆ ಕಾಣದೆ ಗುರುತ್ವದಿಂದಷ್ಟೇ ಸುಳಿವು ಕೊಡುವ ಕಪ್ಪು ದ್ರವ್ಯ ಇವೇ ಆಗಿರಬಹುದೇ? ಸುಮಾರು 50 ಕೋಟಿ ಟನ್ನಿಗಿಂತ ಹಗುರವಾದ ಕಪ್ಪುಕುಳಿಗಳು ಹಾಕಿಂಗ್ ವಿಕಿರಣದಲ್ಲಿ ಇಷ್ಟರಲ್ಲಿ ಆವಿಯಾಗಿ ಹೋಗಿರುತ್ತವೆ. ತೀರಾ ಭಾರದವಿದ್ದರೆ ದೂರದ ನಕ್ಷತ್ರಗಳ ಬೆಳಕನ್ನು ಬಾಗಿಸಿ ಸಿಕ್ಕಿಬೀಳುತ್ತವೆ. ನಡುವೆ, ಕ್ಷುದ್ರಗ್ರಹಗಳ ತೂಕದ ಆಸುಪಾಸಿನಲ್ಲಿ, ಒಂದು ಕಿಂಡಿ ಇನ್ನೂ ತೆರೆದಿದೆ. ನಮ್ಮ ಒಂದು ಮೀಟರು ತಂತುವಿನಷ್ಟು ತೂಕದ ಕಪ್ಪುಕುಳಿ ಆ ಕಿಂಡಿಯಲ್ಲೇ ಬರುತ್ತದೆ. ಅದರ ಗಾತ್ರ ಒಂದು ಪರಮಾಣುವಿನಷ್ಟು. ಹುಡುಕುವುದು ಹೇಗೆ ಎಂದು ಖಗೋಳವಿಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ಒಲವು ಮಾತ್ರ ಇನ್ನೊಂದು ದಾರಿಯ ಕಡೆಗೆ. 1977ರಲ್ಲಿ ಪೆಚ್ಚೈ ಮತ್ತು ಕ್ವಿನ್ ಪರಮಾಣು ಬೀಜದ ಬಲದಲ್ಲಿನ ಒಂದು ಒಗಟು ಬಿಡಿಸಲು ಹೊಸ ಸಮಮಿತಿಯೊಂದನ್ನು ಸೂಚಿಸಿದರು. ಅದು ನಿಜವಾದರೆ ಆಕ್ಸಿಯಾನ್ ಎಂಬ ಅತಿ ಹಗುರದ ಕಣ ಇರಬೇಕೆಂದು ಮರುವರ್ಷ ವೈನ್‌ಬರ್ಗ್ ಮತ್ತು ವಿಲ್ಚೆಕ್ ಗುರುತಿಸಿದರು. ಈ ಸಮಮಿತಿ ವಿಶ್ವದ ದಿಢೀರ್ ಹಿಗ್ಗುವಿಕೆ ಮುಗಿದ ಮೇಲೆ ಮುರಿದಿದ್ದರೆ ತಂತುಗಳು ಹುಟ್ಟಿರುತ್ತವೆ. ಅವು ಬಳುಕಿದಾಗಲೆಲ್ಲ ಆಕ್ಸಿಯಾನ್ ಚೆಲ್ಲುತ್ತವೆ. ಉಷ್ಣತೆ ಸುಮಾರು ಹತ್ತು ಲಕ್ಷ ಕೋಟಿ ಡಿಗ್ರಿಗೆ ಇಳಿದಾಗ, ಸರಳ ಮಾದರಿಗಳಲ್ಲಿ, ಪ್ರತಿ ತಂತುವಿಗೂ ಒಂದೇ ಗೋಡೆ ಅಂಟಿಕೊಳ್ಳುತ್ತದೆ. ಗೋಡೆಯ ಬಿಗಿತ ತಂತುಗಳನ್ನು ಎಳೆದೆಳೆದು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತದೆ. ಇಡೀ ಜಾಲ ಕುಸಿದು, ಅದರಲ್ಲಿದ್ದ ಶಕ್ತಿಯೆಲ್ಲ ನಿಧಾನಗತಿಯ ಆಕ್ಸಿಯಾನುಗಳಾಗಿ ಹರಡಿಹೋಗುತ್ತದೆ. ಇಲ್ಲಿ ಗೋಡೆ ತನ್ನನ್ನು ತಾನೇ ಕೆಡವಿಕೊಳ್ಳುವುದರಿಂದ ಝೆಲ್ಡೊವಿಚ್ ಭಯಕ್ಕೆ ಆಸ್ಪದವಿಲ್ಲ. ಉಂಗುರ ದುಂಡಗಿರಬೇಕೆಂಬ ಹಟವೂ ಇಲ್ಲ. ಸೊಟ್ಟಪಟ್ಟ ಜಾಲವೇ ಸಾಕು, ಕಪ್ಪು ದ್ರವ್ಯ ಸಿದ್ಧ. ಬೇರೊಂದು ಕೆಲಸಕ್ಕೆಂದು ಕರೆದ ಆಳು ಈ ಕೆಲಸವನ್ನೂ ಮಾಡಿಕೊಟ್ಟರೆ ಅಂಥ ಸಿದ್ಧಾಂತವನ್ನು ನಾನು ಹೆಚ್ಚು ನಂಬುತ್ತೇನೆ. ಎಷ್ಟು ಆಕ್ಸಿಯಾನ್ ಹುಟ್ಟುತ್ತದೆ ಎಂಬುದರಲ್ಲಿ ಮಾತ್ರ ಕಂಪ್ಯೂಟರ್ ಲೆಕ್ಕಗಳ ನಡುವೆ ಇನ್ನೂ ಜಗಳವಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಎಡಿಎಂಎಕ್ಸ್ ಎಂಬ ಪ್ರಯೋಗ ಬಲವಾದ ಅಯಸ್ಕಾಂತದೊಳಗೆ ರೇಡಿಯೊ ಶ್ರುತಿ ಮಾಡಿದಂತೆ ಆಕ್ಸಿಯಾನನ್ನು ಹುಡುಕುತ್ತಿದೆ. ತಂತುಗಳ ಕಥೆ ನಿಜವಾದರೆ ಅದು ಇದುವರೆಗೆ ಜಾಲಾಡಿದ ಕಂಪನಾಂಕಗಳಿಗಿಂತ ಮೇಲೆ ಹುಡುಕಬೇಕಾದೀತು.

ತಂತುಗಳು ಚೆಲ್ಲಿದ ಗುರುತ್ವ ಅಲೆಗಳನ್ನು ಕೇಳಿಸಿಕೊಳ್ಳುವ ಯತ್ನವೂ ನಡೆದಿದೆ. ಪುಣೆಯ ಉತ್ತರಕ್ಕೆ ನಾರಾಯಣಗಾಂವ್ ಬಳಿ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ದೂರದರ್ಶಕವಿದೆ. ಅದರಿಂದ ಪಲ್ಸಾರ್ ಎಂಬ ನಕ್ಷತ್ರಗಳ ಮಿಡಿತವನ್ನು ಅಳೆಯುವ ಭಾರತದ ತಂಡ ಯುರೋಪಿನವರೊಡನೆ ಸೇರಿ, ಅಮೆರಿಕ, ಆಸ್ಟ್ರೇಲಿಯ, ಚೀನಾದ ತಂಡಗಳ ಜೊತೆಜೊತೆಗೇ, 2023ರ ಜೂನ್ 29ರಂದು ವಿಶ್ವದಲ್ಲೆಲ್ಲ ಹರಡಿದ ಅತಿ ಮಂದ ಗುರುತ್ವ ಗುಂಯ್‌ಗುಡುವಿಕೆಯ ಸುಳಿವು ಪ್ರಕಟಿಸಿತು. ಹೆಚ್ಚಿನವರ ಅಭಿಪ್ರಾಯದಲ್ಲಿ ಅದು ಗ್ಯಾಲಕ್ಸಿಗಳ ಕೇಂದ್ರದಲ್ಲಿ ಜೋಡಿಯಾಗಿ ಸುತ್ತುವ ದೈತ್ಯ ಕಪ್ಪುಕುಳಿಗಳ ಸದ್ದು. ವಿಶ್ವತಂತುಗಳೂ ಪಟ್ಟಿಯಲ್ಲಿವೆ, ಆದರೆ ಮೊದಲ ಸಾಲಿನಲ್ಲಿಲ್ಲ. ಸದ್ದು ಇಷ್ಟೇ ಇರುವುದರಿಂದ ತಂತು ಇದಕ್ಕಿಂತ ಭಾರವಿರಲಾರದು ಎಂಬ ಮಿತಿಯಂತೂ ಸಿಕ್ಕಿತು. ನಾನು ಮೇಲೆ ಕೊಟ್ಟ 100 ಲಕ್ಷ ಕೋಟಿ ಟನ್ನಿನ ಲೆಕ್ಕ ಅಲ್ಲಿಂದ ಬಂದದ್ದು.

ಕಪ್ಪು ದ್ರವ್ಯಕ್ಕೆ ನೆಲದಡಿಯಲ್ಲೂ ಹುಡುಕಾಟ ನಡೆಯುತ್ತಿದೆ. ಭಾರತದಲ್ಲಿ ಅದಕ್ಕೆಂದು 2017ರಲ್ಲಿ ಶುರುವಾದ ಪ್ರಯೋಗಾಲಯ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿದೆ, 555 ಮೀಟರ್ ಆಳದಲ್ಲಿ. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರುವರಿ 28ರಂದು ಗಣಿಯೂ ಮುಚ್ಚಿತು. ಅಷ್ಟು ಆಳದ ಇನ್ನೊಂದು ಪ್ರಯೋಗಾಲಯ ದೇಶದಲ್ಲಿ ಇಂದಿಗೂ ಆಗಿಲ್ಲ.